ಆ ಒಂಬತ್ತನೇ ಪ್ರಶ್ನೆಯನ್ನು ನನ್ನ ಮಗಳು ಕೇಳಬಾರದಿತ್ತು

ಸಂಪಾದಕರೇ,

ನಮಸ್ಕಾರ. ನಾನು ನ್ಯೂಜೆರ್ಸಿಗೆ ಬಂದು ಹದಿನಾಲ್ಕು ವರ್ಷ ಆಯಿತು. ನಿಮ್ಮ ಪತ್ರಿಕೆಯನ್ನು ಫೋನಿನಲ್ಲಿ ದಿನಾ ಓದುತ್ತೇನೆ. ಕಳೆದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಮಾನಸಿಕ ಆರೋಗ್ಯದ ಬಗ್ಗೆ ಒಂದು ಲೇಖನ ಬಂದಿತ್ತು. ಒಳ್ಳೆಯ ಲೇಖನವೇ. ಆದರೆ ಅದರಲ್ಲಿದ್ದ ಒಂದು ಮಾತು ನಾಲ್ಕು ದಿನದಿಂದ ನನ್ನ ತಲೆಯಲ್ಲೇ ಇದೆ. ಅಲ್ಲಿ ಸೌಲಭ್ಯ ಎಲ್ಲರಿಗೂ ಇದೆ, ಕಪ್ಪು ಜನ, ಏಷ್ಯಾದವರು, ಲ್ಯಾಟಿನೊಗಳು (ಲ್ಯಾಟಿನ್ ಅಮೆರಿಕ ಮೂಲದವರು) ನಾಚಿಕೆಯಿಂದ ಚಿಕಿತ್ಸೆಗೆ ಹೋಗುವುದಿಲ್ಲ ಅಷ್ಟೇ, ಅನ್ನುವ ಅರ್ಥದ ಮಾತು ಅದು.

ನಾಚಿಕೆ ಇದೆ, ನಾನು ಇಲ್ಲ ಅನ್ನುವುದಿಲ್ಲ. ನಮ್ಮಲ್ಲೂ ಇದೆ, ಜಾಸ್ತಿಯೇ ಇದೆ. ಆದರೆ ನಾಚಿಕೆ ಬಿಟ್ಟು ಎದ್ದು ಹೊರಟವರಿಗೆ ಏನಾಗುತ್ತದೆ ಅನ್ನುವುದನ್ನು ನಾನು ನನ್ನ ಮನೆಯಲ್ಲೇ ನೋಡಿದ್ದೇನೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ಹೋದ ವರ್ಷ ನನ್ನ ಅತ್ತೆ ನಮ್ಮ ಹತ್ತಿರ ಬಂದರು. ಮಾವ ತೀರಿಕೊಂಡು ಐದು ತಿಂಗಳಾಗಿತ್ತು. ಬಂದ ಹೊಸದರಲ್ಲಿ ಚೆನ್ನಾಗಿಯೇ ಇದ್ದರು. ಆಮೇಲೆ ನಿಧಾನಕ್ಕೆ ಊಟ ಕಡಿಮೆ ಆಯಿತು. ರಾತ್ರಿ ಎರಡು ಗಂಟೆಗೆ ಎದ್ದು ಅಡುಗೆಮನೆಯಲ್ಲಿ ದೀಪ ಹಾಕದೆ ಕೂತಿರುತ್ತಿದ್ದರು. ಕೇಳಿದರೆ "ಏನಿಲ್ಲಮ್ಮ, ಎದೆ ಭಾರ" ಅನ್ನುತ್ತಿದ್ದರು. ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಫಾರಂನಲ್ಲಿ ಭಾಷೆ ಅಂತ ಇದ್ದ ಕಡೆ ನಾನೇ ಕನ್ನಡ ಅಂತ ಬರೆದೆ. ಡಾಕ್ಟರು ಮನೆಯವರನ್ನು ಹೊರಗೆ ಇರಲು ಹೇಳಿದರು. ಅದು ಸರಿಯೇ, ಮಗನ ಮುಂದೆ ಯಾವ ತಾಯಿ ತನ್ನ ಸಂಕಟ ಹೇಳುತ್ತಾಳೆ? ದುಭಾಷಿಯನ್ನು ಫೋನಿನಲ್ಲಿ ಕರೆಸುತ್ತೇವೆ ಅಂದರು. ಕರೆಸಿದರು. ಹಿಂದಿ ದುಭಾಷಿ. ಇಂಡಿಯಾದವರು ತಾನೇ, ಹಿಂದಿ ಸಾಕು ಅಂತ ಯಾರೋ ತೀರ್ಮಾನ ಮಾಡಿದ್ದರು.

ಅತ್ತೆಗೆ ಹಿಂದಿ ಬರುವುದಿಲ್ಲ. ಬರುವುದಿಲ್ಲ ಅಂತ ಹೇಳುವುದಕ್ಕೂ ಸಂಕೋಚ. ಹಾಂ, ಹಾಂ ಅಂದುಕೊಂಡು ಎದೆ ಮೇಲೆ ಕೈ ಇಟ್ಟು ತೋರಿಸಿದರು. ಡಾಕ್ಟರು ಇಸಿಜಿ ತೆಗೆಸಿದರು. ನಾರ್ಮಲ್ ಬಂತು. ಇನ್ನೊಂದು ಸಲ ತೆಗೆಸಿದರು, ಅದೂ ನಾರ್ಮಲ್. ಎದೆ ಭಾರ ಅಂದರೆ ನಮ್ಮ ಮಾತಿನಲ್ಲಿ ಏನು ಅಂತ ಕನ್ನಡ ಬಲ್ಲ ಒಬ್ಬರು ಅಲ್ಲಿ ಇದ್ದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಎರಡನೇ ಸಲ ಹೋದಾಗ ನನ್ನ ಮಗಳೂ ಜೊತೆಗಿದ್ದಳು. ಹನ್ನೊಂದು ವರ್ಷ. ನಾನು ಕೌಂಟರಿನಲ್ಲಿ ಇನ್ಶೂರೆನ್ಸ್ ಕಾಗದ ತುಂಬುತ್ತಿದ್ದೆ. ಇಲ್ಲಿ ಖಿನ್ನತೆ ಇದೆಯಾ ಅಂತ ನೋಡಲು ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಇರುತ್ತದೆ. ಹಿಂದಿನ ಎರಡು ವಾರದಲ್ಲಿ ನಿದ್ದೆ ಹೇಗಿತ್ತು, ಹಸಿವು ಹೇಗಿತ್ತು, ಮನಸ್ಸು ಕುಗ್ಗಿತ್ತಾ ಅಂತ ಒಂದೊಂದಾಗಿ ಕೇಳಿ ಸೊನ್ನೆಯಿಂದ ಮೂರರವರೆಗೆ ಗುರುತು ಹಾಕುತ್ತಾರೆ. ಒಂಬತ್ತನೆಯದು ಸಾವಿನ ಬಗ್ಗೆ. ದುಭಾಷಿಯ ಫೋನ್ ಸಿಗಲಿಲ್ಲವಂತೆ. ನರ್ಸ್ ಅವಸರದಲ್ಲಿದ್ದರು, ನನ್ನ ಮಗಳನ್ನೇ ಕೂರಿಸಿಕೊಂಡಿದ್ದರು. ನಾನು ವಾಪಸ್ ಬಂದಾಗ ಬಾಗಿಲು ಅರ್ಧ ತೆರೆದಿತ್ತು. ಮಗಳು ಕುರ್ಚಿಯ ತುದಿಯಲ್ಲಿ ಕೂತು ಕೇಳುತ್ತಿದ್ದಳು, "ಅಜ್ಜಿ, ಸತ್ತು ಹೋದ್ರೆ ಚೆನ್ನಾಗಿರುತ್ತೆ ಅಂತ ನಿಂಗೆ ಯಾವತ್ತಾದ್ರೂ ಅನ್ಸುತ್ತಾ?"

ಅಜ್ಜಿ ಅವಳ ಕೈ ಹಿಡಿದುಕೊಂಡು "ಛೇ, ಇಲ್ಲ ಪುಟ್ಟಿ, ಯಾಕೆ ಹಂಗೆ ಕೇಳ್ತೀಯಾ" ಅಂದರು. ಮಗಳು ಇಲ್ಲ ಅಂತ ಇಂಗ್ಲಿಷಿನಲ್ಲಿ ಹೇಳಿದಳು. ನರ್ಸ್ ಸೊನ್ನೆ ಹಾಕಿಕೊಂಡರು.

ಮೊಮ್ಮಗಳಿಗೆ ಯಾವ ಅಜ್ಜಿ ಹೌದು ಅಂತ ಹೇಳುತ್ತಾಳೆ, ನೀವೇ ಹೇಳಿ.

ಮನೆಗೆ ಬಂದ ಮೇಲೆ ನಾನು ಓದಿ ತಿಳಿದುಕೊಂಡೆ. ಇಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆ ಇದೆ. ಕೇಂದ್ರ ಸರ್ಕಾರದ ಹಣ ಪಡೆಯುವ ಸಂಸ್ಥೆ ಯಾವುದೇ ಆಗಲಿ, ಜನಾಂಗ, ಬಣ್ಣ, ಹುಟ್ಟಿದ ದೇಶ ನೋಡಿ ಭೇದ ಮಾಡುವಂತಿಲ್ಲ. ಭಾಷೆ ಬಾರದವರನ್ನು ಹೊರಗಿಡುವುದೂ ಆ ಭೇದದಲ್ಲೇ ಬರುತ್ತದೆ. 2010ರ ಆರೋಗ್ಯ ಕಾಯ್ದೆಯ 1557ನೇ ಸೆಕ್ಷನ್ ಇದನ್ನೇ ಆಸ್ಪತ್ರೆಗಳಿಗೆ ಇನ್ನಷ್ಟು ಗಟ್ಟಿಯಾಗಿ ಹೇಳುತ್ತದೆ. ದುಭಾಷಿಯನ್ನು ಅವರೇ ಒದಗಿಸಬೇಕು, ನಮ್ಮಿಂದ ದುಡ್ಡು ಕೇಳಬಾರದು. ತುರ್ತು ಸಂದರ್ಭ ಬಿಟ್ಟರೆ ಸಣ್ಣ ಮಕ್ಕಳನ್ನು ದುಭಾಷಿ ಮಾಡಬಾರದು. ಇಷ್ಟೆಲ್ಲ ಕಾಗದದ ಮೇಲೆ ಇದೆ. ನಾನು ಓದಿದವಳು, ಕೆಲಸದಲ್ಲಿ ಇರುವವಳು, ಹದಿನಾಲ್ಕು ವರ್ಷ ಇಲ್ಲೇ ಇದ್ದವಳು, ನನಗೇ ಗೊತ್ತಿರಲಿಲ್ಲ. ನಿನ್ನೆ ಮೊನ್ನೆ ಬಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಒಬ್ಬ ಹೆಂಗಸಿಗೆ ಇದು ಹೇಗೆ ಗೊತ್ತಾಗಬೇಕು?

ಮೂರನೇ ಸಲ ನಾನು ಹಟ ಹಿಡಿದೆ. ಹಿಂದಿ ಬೇಡ, ಕನ್ನಡ ಬೇಕು, ಎಷ್ಟು ದಿನ ಆದರೂ ಕಾಯುತ್ತೇವೆ ಅಂದೆ. ಎರಡು ವಾರ ಕಾಯಿಸಿದರು. ಕೊನೆಗೆ ಫೋನಿನಲ್ಲಿ ಒಬ್ಬ ಹೆಣ್ಣುಮಗಳು ಬಂದರು. "ಅಮ್ಮಾ, ನಮಸ್ಕಾರ, ಊಟ ಆಯ್ತಾ?" ಅಂತ ಶುರು ಮಾಡಿದರು. ಅತ್ತೆ ಅಳಲು ಶುರು ಮಾಡಿದರು. ನಾವು ಹೊರಗೆ ಬಂದೆವು. ನಲವತ್ತು ನಿಮಿಷ ಮಾತಾಡಿದರು. ಒಳಗೆ ಏನು ಹೇಳಿದರು ಅಂತ ನಾನು ಇವತ್ತಿಗೂ ಕೇಳಿಲ್ಲ. ಆದರೆ ಆ ಹಾಳೆಯ ಒಂಬತ್ತನೇ ಸಾಲಿನಲ್ಲಿ ಆ ಸಲ ಸೊನ್ನೆ ಇರಲಿಲ್ಲ. ಔಷಧಿ ಶುರುವಾಯಿತು, ಮಾತಿನ ಚಿಕಿತ್ಸೆ ಶುರುವಾಯಿತು. ಪ್ರವಾಸಿಗರ ಪಾಲಿಸಿಯಲ್ಲಿ ಇಸಿಜಿಗೆ ದುಡ್ಡು ಬಂತು, ಇದಕ್ಕೆ ಬರಲಿಲ್ಲ. ನಾವು ಕೈಯಿಂದ ಕೊಟ್ಟೆವು. ಕೊಡಲು ನಮ್ಮ ಹತ್ತಿರ ಇತ್ತು. ಈಗ ಅವರು ರಾತ್ರಿ ಮಲಗುತ್ತಾರೆ.

ಇದನ್ನೆಲ್ಲ ನಾನು ನನ್ನ ಜೊತೆ ಕೆಲಸ ಮಾಡುವ ಒಬ್ಬಳಿಗೆ ಹೇಳಿದೆ. ಅವಳು ಕಪ್ಪು ಅಮೆರಿಕನ್. ಇಂಗ್ಲಿಷೇ ಅವಳ ತಾಯಿಭಾಷೆ, ಅವಳ ಇನ್ಶೂರೆನ್ಸೂ ನನ್ನದೂ ಒಂದೇ ಕಂಪನಿಯದು. ಅವಳಿಗೆ ಈ ಕಷ್ಟ ಇಲ್ಲ ಅಂದುಕೊಂಡಿದ್ದೆ. ಅವಳು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು ಆಮೇಲೆ ತನ್ನದು ಹೇಳಿದಳು. ತಮ್ಮ ತೀರಿಕೊಂಡ ಮೇಲೆ ಥೆರಪಿಸ್ಟ್, ಅಂದರೆ ಮಾತಿನ ಚಿಕಿತ್ಸೆ ಕೊಡುವವರನ್ನು, ಹುಡುಕಲು ಹೊರಟಳಂತೆ. ಇನ್ಶೂರೆನ್ಸ್ ಪಟ್ಟಿಯಲ್ಲಿದ್ದ ಹದಿನಾರು ಜನಕ್ಕೆ ಫೋನ್ ಮಾಡಿ ಸಂದೇಶ ಬಿಟ್ಟಳಂತೆ. ಇಬ್ಬರು ವಾಪಸ್ ಮಾಡಿದರು, ಇಬ್ಬರೂ ಜಾಗ ಇಲ್ಲ ಅಂದರು. ಕೊನೆ ಕೊನೆಗೆ ಸಂದೇಶ ಬಿಡುವಾಗ ತಾನು ದನಿ ಬದಲಾಯಿಸಿಕೊಳ್ಳುತ್ತಿದ್ದೆ, ಬಿಳಿಯರ ಹಾಗೆ ಮಾತಾಡಲು ನೋಡುತ್ತಿದ್ದೆ ಅಂದಳು. ಅಳು ನುಂಗಿಕೊಂಡು ಸಹಾಯ ಕೇಳುವಾಗಲೂ ತನ್ನ ದನಿ ಯಾವ ಬಣ್ಣದ್ದು ಅಂತ ಯೋಚಿಸಬೇಕಾದ ಕಷ್ಟ ಎಂಥದು ಅಂತ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅವಳ ಅನುಮಾನ ಸುಳ್ಳಲ್ಲ. ಹೆದರ್ ಕುಗೆಲ್ಮಾಸ್ ಅನ್ನುವ ಸಂಶೋಧಕಿ ನ್ಯೂಯಾರ್ಕ್ ನಗರದ 320 ಥೆರಪಿಸ್ಟುಗಳಿಗೆ ಇದೇ ಥರ ಸಂದೇಶ ಬಿಡಿಸಿ ನೋಡಿದ್ದರು. 2016ರಲ್ಲಿ ಅದು ಪ್ರಕಟವಾಯಿತು. ಇನ್ಶೂರೆನ್ಸ್ ಒಂದೇ, ತೊಂದರೆ ಒಂದೇ, ಕೇಳಿದ ಸಮಯವೂ ಒಂದೇ. ದನಿ, ಹೆಸರು, ಮಾತಿನ ಧಾಟಿ ಮಾತ್ರ ಬೇರೆ. ಮಧ್ಯಮ ವರ್ಗದ ಬಿಳಿಯರಂತೆ ಕೇಳಿಸಿದವರಲ್ಲಿ ಶೇ 28ರಷ್ಟು ಜನಕ್ಕೆ ಅಪಾಯಿಂಟ್‌ಮೆಂಟ್ ಸಿಕ್ಕಿತು. ಮಧ್ಯಮ ವರ್ಗದ ಕಪ್ಪು ಜನರಂತೆ ಕೇಳಿಸಿದವರಿಗೆ ಶೇ 17. ಕೂಲಿ ಕೆಲಸದವರಂತೆ ಕೇಳಿಸಿದವರಿಗೆ, ಬಿಳಿಯರಿರಲಿ ಕಪ್ಪು ಜನರಿರಲಿ, ಬರೀ ಶೇ 8. ಇದು ನಾಚಿಕೆ ಬಿಟ್ಟು ಫೋನ್ ಮಾಡಿದರೆ ಏನಾಗುತ್ತದೆ ಅನ್ನುವ ಲೆಕ್ಕ, ಗಮನಿಸಿ.

ಸರ್ಕಾರದ್ದೇ ಸಮೀಕ್ಷೆ ಇದೆ, ಪ್ರತಿ ವರ್ಷ ಮಾಡುತ್ತಾರೆ. 2021ರಲ್ಲಿ ಮಾನಸಿಕ ಕಾಯಿಲೆ ಇದ್ದ ವಯಸ್ಕರಲ್ಲಿ ಚಿಕಿತ್ಸೆ ಸಿಕ್ಕಿದ್ದು ಬಿಳಿಯರಲ್ಲಿ ಸುಮಾರು ಶೇ 52, ಕಪ್ಪು ಜನರಲ್ಲಿ ಶೇ 39, ಲ್ಯಾಟಿನೊಗಳಲ್ಲಿ ಶೇ 36, ಏಷ್ಯಾ ಮೂಲದವರಲ್ಲಿ ಶೇ 25. ನಾವು ಎಲ್ಲರಿಗಿಂತ ಕೆಳಗೆ ಇದ್ದೇವೆ. ನಮ್ಮವರು ಓದಿದವರು, ದುಡಿಯುವವರು, ಚೆನ್ನಾಗಿದ್ದಾರೆ ಅಂತ ಎಲ್ಲರೂ ಅಂದುಕೊಂಡಿರುವುದೂ ಇದಕ್ಕೆ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ. ಚೆನ್ನಾಗಿರುವವರನ್ನು ಯಾರು ಕೇಳುತ್ತಾರೆ? ಗಂಡನ ವೀಸಾದ ಮೇಲೆ ಬಂದು, ಕೆಲಸ ಮಾಡಲು ಅನುಮತಿ ಇಲ್ಲದೆ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಹಗಲು ಕಳೆಯುವ ಎಷ್ಟು ಹುಡುಗಿಯರು ನನಗೆ ಗೊತ್ತು. ಅವರ ಬಗ್ಗೆಯೇ ಬೇರೆ ಪತ್ರ ಬರೆಯಬೇಕು.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಇಲ್ಲಿ ಮನೋವೈದ್ಯರಲ್ಲಿ ತುಂಬ ಜನ ಇನ್ಶೂರೆನ್ಸನ್ನೇ ತೆಗೆದುಕೊಳ್ಳುವುದಿಲ್ಲ. 2009-10ರ ಲೆಕ್ಕದಲ್ಲಿ ಖಾಸಗಿ ಇನ್ಶೂರೆನ್ಸ್ ಒಪ್ಪುವ ಮನೋವೈದ್ಯರು ಶೇ 55, ಬೇರೆ ಡಾಕ್ಟರುಗಳಲ್ಲಿ ಅದು ಶೇ 89. ಬಡವರಿಗೆ ಸರ್ಕಾರ ಕೊಡುವ ಮೆಡಿಕೇಡ್ ಒಪ್ಪುವ ಮನೋವೈದ್ಯರು ಇನ್ನೂ ಕಡಿಮೆ, ಶೇ 43. ಮೆಡಿಕೇಡ್ ನಂಬಿಕೊಂಡವರಲ್ಲಿ ಕಪ್ಪು ಜನ, ಲ್ಯಾಟಿನೊಗಳು, ಅಮೆರಿಕದ ಮೂಲನಿವಾಸಿಗಳು ಅವರ ಸಂಖ್ಯೆಗೆ ಹೋಲಿಸಿದರೆ ಜಾಸ್ತಿ. ಕೈಯಿಂದ ಕೊಡುವುದಾದರೆ ಒಂದು ಸಲಕ್ಕೆ 150, 200 ಡಾಲರ್ ಸಾಮಾನ್ಯ. ವಾರಕ್ಕೊಮ್ಮೆ ಹೋಗಬೇಕು. ಗಂಟೆ ಲೆಕ್ಕದಲ್ಲಿ ಸಂಬಳ ಪಡೆಯುವವರು ಹಗಲು ಹೊತ್ತು ರಜೆ ಹಾಕಿ ಹೋದರೆ ಆ ಸಂಬಳವೂ ಹೋಯಿತು.

ಇನ್ನು ನಂಬಿಕೆಯ ಮಾತು. ಕಪ್ಪು ಜನ ಡಾಕ್ಟರನ್ನು ನಂಬುವುದಿಲ್ಲ ಅಂತ ನಿಮ್ಮ ಲೇಖನದಲ್ಲಿ ಇತ್ತು. ಯಾಕೆ ನಂಬುವುದಿಲ್ಲ ಅಂತ ಒಂದು ಸಾಲೂ ಇರಲಿಲ್ಲ. ನಾನು ಇದನ್ನು ಓದಲು ಕೂತಾಗ ನಿಜವಾಗಿ ಮೈ ಉರಿಯಿತು. 1851ರಲ್ಲಿ ಲೂಸಿಯಾನದಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಅನ್ನುವ ವೈದ್ಯ, ಗುಲಾಮರು ಓಡಿಹೋಗಲು ಬಯಸುವುದೇ ಒಂದು ಮಾನಸಿಕ ಕಾಯಿಲೆ ಅಂತ ಬರೆದ. ಅದಕ್ಕೆ ಡ್ರೇಪ್ಟೋಮೇನಿಯಾ ಅಂತ ಹೆಸರಿಟ್ಟ. ಚಾಟಿಯೇಟು ಅದಕ್ಕೆ ಮದ್ದು ಅಂದ. ಅದಕ್ಕೂ ಮುಂಚೆ 1840ರ ಜನಗಣತಿಯಲ್ಲಿ ಉತ್ತರದ ರಾಜ್ಯಗಳ ಸ್ವತಂತ್ರ ಕಪ್ಪು ಜನರಲ್ಲಿ ಹುಚ್ಚು ವಿಪರೀತ ಜಾಸ್ತಿ ಅಂತ ಬಂತು. ಕೆಲವು ಊರುಗಳಲ್ಲಿ ಇದ್ದ ಕಪ್ಪು ಜನರಿಗಿಂತ ಹುಚ್ಚರೆಂದು ಬರೆದವರ ಸಂಖ್ಯೆಯೇ ಹೆಚ್ಚಿತ್ತು. ಎಡ್ವರ್ಡ್ ಜಾರ್ವಿಸ್ ಅನ್ನುವ ವೈದ್ಯ ಆ ತಪ್ಪನ್ನು ಎತ್ತಿ ತೋರಿಸಿದರೂ, ನೋಡಿ, ಸ್ವಾತಂತ್ರ್ಯ ಕೊಟ್ಟರೆ ಇವರಿಗೆ ಹುಚ್ಚು ಹಿಡಿಯುತ್ತದೆ ಅಂತ ಗುಲಾಮಗಿರಿಯ ಪರ ಇದ್ದವರು ಅದೇ ಲೆಕ್ಕ ಹಿಡಿದು ವಾದ ಮಾಡಿದರು. ಮೇರಿಲ್ಯಾಂಡಿನ ಕ್ರೌನ್ಸ್‌ವಿಲ್‌ನಲ್ಲಿ 1911ರಲ್ಲಿ ಕಪ್ಪು ಜನರಿಗೆಂದೇ ಒಂದು ಮಾನಸಿಕ ಆಸ್ಪತ್ರೆ ಶುರುವಾಯಿತು. ಅದರ ಕಟ್ಟಡ ಕಟ್ಟಲು ದುಡಿಸಿಕೊಂಡಿದ್ದು ರೋಗಿಗಳನ್ನೇ.

ಮೂಲನಿವಾಸಿಗಳ ಕತೆ ಇನ್ನೂ ಕಠಿಣ. ದಕ್ಷಿಣ ಡಕೋಟಾದ ಕ್ಯಾಂಟನ್ ಊರಿನಲ್ಲಿ ಅವರಿಗೆಂದೇ ಹಯಾವಾಥಾ ಅನ್ನುವ ಹುಚ್ಚಾಸ್ಪತ್ರೆ ಇತ್ತು. 1934ರಲ್ಲಿ ಮುಚ್ಚಿದರು. ಅದಕ್ಕೆ ಮುಂಚೆ ಸರ್ಕಾರ ಕಳಿಸಿದ ಮನೋವೈದ್ಯರು ಬಂದು ನೋಡಿದಾಗ ಅಲ್ಲಿದ್ದ ಎಷ್ಟೋ ಜನಕ್ಕೆ ಹುಚ್ಚೇ ಇರಲಿಲ್ಲ. ಅಲ್ಲೇ ಸತ್ತ 121 ಜನರನ್ನು ಅಲ್ಲೇ ಹೂತಿದ್ದಾರೆ. ಆ ಜಾಗ ಈಗ ಗಾಲ್ಫ್ ಮೈದಾನದ ನಡುವೆ ಇದೆ. ಇದನ್ನು ಓದಿದ ಮೇಲೆ ಆ ಜನರ ಮೊಮ್ಮಕ್ಕಳಿಗೆ ನೀವು ಯಾಕೆ ಆಸ್ಪತ್ರೆಗೆ ಹೋಗುವುದಿಲ್ಲ ಅಂತ ಕೇಳುವ ಧೈರ್ಯ ನನಗಂತೂ ಇಲ್ಲ. ಅಮೆರಿಕದಲ್ಲಿ ಆತ್ಮಹತ್ಯೆಯ ಪ್ರಮಾಣ ಎಲ್ಲ ಜನಾಂಗಗಳಿಗಿಂತ ಜಾಸ್ತಿ ಇರುವುದು ಅವರಲ್ಲೇ. 2024ರ ಅಕ್ಟೋಬರಿನಲ್ಲಿ ಅರಿಜೋನಾ, ಕ್ಯಾಲಿಫೋರ್ನಿಯಾ, ನ್ಯೂ ಮೆಕ್ಸಿಕೊ, ಆರೆಗಾನ್ ರಾಜ್ಯಗಳಲ್ಲಿ ಅವರ ಪರಂಪರೆಯ ಚಿಕಿತ್ಸೆಗೂ ಮೆಡಿಕೇಡ್ ಹಣ ಕೊಡಬಹುದು ಅಂತ ಒಪ್ಪಿದರು. ಇಷ್ಟು ತಡವಾಗಿಯಾದರೂ ಆಯಿತಲ್ಲ ಅಂತ ಸಮಾಧಾನ.

ಹಳೆಯ ಕತೆ ಬಿಡಿ ಅನ್ನಬಹುದು. ಆದರೆ ಒಳಗೆ ಹೋದವರಿಗೂ ಇವತ್ತು ಅದೇ ಕಣ್ಣಿನಿಂದ ನೋಡುವುದು ನಿಂತಿಲ್ಲ. ಕಪ್ಪು ಜನರಿಗೆ ಸ್ಕಿಜೋಫ್ರೀನಿಯಾ, ಅಂದರೆ ಭ್ರಮೆ ಕಾಡುವ ಮಾನಸಿಕ ಕಾಯಿಲೆ, ಇದೆ ಅಂತ ಹೇಳುವುದು ಬಿಳಿಯರಿಗೆ ಹೇಳುವುದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಅವರ ಖಿನ್ನತೆಯ ಲಕ್ಷಣಗಳನ್ನು ಡಾಕ್ಟರುಗಳು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಇದಕ್ಕೆ ಒಂದು ಮುಖ್ಯ ಕಾರಣ ಅಂತ ಸಂಶೋಧಕರು ತೋರಿಸಿದ್ದಾರೆ. ದುಃಖ ಹೇಳಲು ಹೋದರೆ ಭ್ರಮೆ ಅಂತ ಬರೆದು ಗಟ್ಟಿ ಮಾತ್ರೆ ಕೊಟ್ಟು ಕಳಿಸಿದರೆ ಮತ್ತೆ ಯಾರು ಹೋಗುತ್ತಾರೆ? ಎದುರಿಗೆ ಕೂತವರಲ್ಲಿ ತಮ್ಮವರು ಯಾರಾದರೂ ಇದ್ದಾರಾ ಅಂದರೆ ಅದೂ ಇಲ್ಲ. 2015ರಲ್ಲಿ ಇಲ್ಲಿನ ಮನಶ್ಶಾಸ್ತ್ರಜ್ಞರಲ್ಲಿ ಶೇ 86 ಬಿಳಿಯರು, ಕಪ್ಪು ಜನ ಶೇ 4. ಎದೆ ಭಾರ ಅನ್ನುವ ಮಾತು ನನ್ನ ಅತ್ತೆಯ ಡಾಕ್ಟರಿಗೆ ಅರ್ಥ ಆಗದ ಹಾಗೆ, ಇಂಗ್ಲಿಷಿನಲ್ಲೇ ಹೇಳಿದರೂ ಅವರ ಮಾತು ಅರ್ಥ ಆಗದೆ ಹೋಗುತ್ತದೆ. ನನಗೆ ದುಭಾಷಿ ಕೇಳುವ ಹಕ್ಕು ಇದೆ. ನನ್ನ ಗೆಳತಿ ಯಾವ ದುಭಾಷಿಯನ್ನು ಕೇಳಬೇಕು?

ಇದೆಲ್ಲ ನಾನೊಬ್ಬಳೇ ಹೇಳುತ್ತಿರುವುದಲ್ಲ. 2001ರಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯಕ್ಕೆ ಸರ್ಕಾರದ ಮುಖ್ಯ ವೈದ್ಯ, ಆಗಿದ್ದ ಡೇವಿಡ್ ಸ್ಯಾಚರ್ ಇದರ ಮೇಲೆಯೇ ಒಂದು ದೊಡ್ಡ ವರದಿ ಕೊಟ್ಟರು. ಅವರೂ ಕಪ್ಪು ಅಮೆರಿಕನ್. ಅಲ್ಪಸಂಖ್ಯಾತರಿಗೆ ಚಿಕಿತ್ಸೆ ಸಿಗುವುದು ಕಡಿಮೆ, ಸಿಕ್ಕರೂ ಅದರ ಗುಣಮಟ್ಟ ಕಡಿಮೆ, ಅದಕ್ಕೇ ಅವರ ಮೇಲೆ ಕಾಯಿಲೆಯ ಹೊರೆ ಜಾಸ್ತಿ ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ಇಪ್ಪತ್ತು ವರ್ಷ ಆದ ಮೇಲೆ, 2021ರ ಜನವರಿಯಲ್ಲಿ ಅಮೆರಿಕದ ಮನೋವೈದ್ಯರ ಸಂಘ ತಮ್ಮ ವೃತ್ತಿಯಲ್ಲಿ ನಡೆದ ಜನಾಂಗ ಭೇದಕ್ಕೆ ಕ್ಷಮೆ ಕೇಳಿತು. ಅದೇ ಅಕ್ಟೋಬರಿನಲ್ಲಿ ಮನಶ್ಶಾಸ್ತ್ರಜ್ಞರ ಸಂಘವೂ ಕೇಳಿತು. ತಪ್ಪು ಮಾಡಿದವರೇ ತಪ್ಪು ನಮ್ಮದು ಅಂದಿರುವಾಗ ನಮ್ಮ ಕನ್ನಡದ ಪತ್ರಿಕೆ ಅದನ್ನು ಆ ಜನರ ನಾಚಿಕೆಯ ತಲೆಗೆ ಕಟ್ಟಬಾರದು. ನನ್ನ ತಕರಾರು ಇಷ್ಟೇ.

ಬಾಗಿಲು ತೆರೆದರೆ ಜನ ಬರುತ್ತಾರೆ. 1946ರಲ್ಲಿ ನ್ಯೂಯಾರ್ಕಿನಲ್ಲಿ ಕಪ್ಪು ಜನ ಹೆಚ್ಚಾಗಿದ್ದ ಹಾರ್ಲೆಮ್‌ನಲ್ಲಿ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಲಫಾರ್ಗ್ ಕ್ಲಿನಿಕ್ ಅಂತ ಶುರು ಮಾಡಿದ್ದರು. ಸಂಜೆ ಹೊತ್ತು ತೆರೆಯುತ್ತಿತ್ತು, ದುಡಿದು ಬಂದವರು ಬರಲಿ ಅಂತ. ಫೀಸು 25 ಸೆಂಟ್, ಇಲ್ಲದಿದ್ದರೆ ಅದೂ ಬೇಡ. ಡಾಕ್ಟರುಗಳು ಸಂಬಳ ಇಲ್ಲದೆ ಕೂರುತ್ತಿದ್ದರು. ಜನ ಬಂದರು, ಹತ್ತು ವರ್ಷಕ್ಕೂ ಮೀರಿ ಬಂದರು. ಅದೇ ವರ್ಷ ಅದೇ ಹಾರ್ಲೆಮ್‌ನಲ್ಲಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಅನ್ನುವ ಕಪ್ಪು ದಂಪತಿ, ಇಬ್ಬರೂ ಮನಶ್ಶಾಸ್ತ್ರಜ್ಞರು, ಮಕ್ಕಳಿಗಾಗಿ ನಾರ್ತ್‌ಸೈಡ್ ಸೆಂಟರ್ ತೆರೆದರು. ಅದು ಇವತ್ತಿಗೂ ನಡೆಯುತ್ತಿದೆ.

ಇಲ್ಲಿಗೆ ಅಪ್ಪ ಅಮ್ಮನನ್ನು ಕಳಿಸುವವರು, ಮಕ್ಕಳನ್ನು ಓದಲು ಕಳಿಸಿದವರು ನಿಮ್ಮ ಓದುಗರಲ್ಲಿ ತುಂಬ ಜನ ಇದ್ದಾರೆ. ಅವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಕ್ಲಿನಿಕ್ಕಿಗೆ ಫೋನ್ ಮಾಡುವಾಗಲೇ ಕನ್ನಡ ದುಭಾಷಿ ಬೇಕು ಅಂತ ಹೇಳಿ, ಇಂಡಿಯನ್ ಭಾಷೆ ಅಂತ ಹೇಳಬೇಡಿ, ಕನ್ನಡ ಅಂತಲೇ ಹೇಳಿ, ಬರೆದುಕೊಂಡರಾ ಅಂತ ಇನ್ನೊಮ್ಮೆ ಕೇಳಿ. ಮಕ್ಕಳನ್ನು ಕೂರಿಸಲು ಬಿಡಬೇಡಿ. ಬದುಕೇ ಬೇಡ ಅನ್ನಿಸುವ ಹೊತ್ತಿನಲ್ಲಿ 988ಕ್ಕೆ ಕರೆ ಮಾಡಬಹುದು. 2022ರ ಜುಲೈಯಿಂದ ಆ ಮೂರಂಕಿಯ ಸಂಖ್ಯೆ ಇಡೀ ದೇಶಕ್ಕೆ ಇದೆ, ಹಗಲು ರಾತ್ರಿ ಎತ್ತುತ್ತಾರೆ.

ನನ್ನ ಗೆಳತಿಗೆ ಕೊನೆಗೂ ಒಬ್ಬರು ಸಿಕ್ಕಿದ್ದಾರೆ. ಅವರೂ ಕಪ್ಪು ಮಹಿಳೆ, ಐವತ್ತು ನಿಮಿಷದ ದಾರಿ. ಗುರುವಾರ ಮಧ್ಯಾಹ್ನ ಅವಳು ಹೊರಟರೆ ಅವಳ ಕೆಲಸ ನಾನು ನೋಡಿಕೊಳ್ಳುತ್ತೇನೆ. ನನ್ನ ಮಗಳು ಮೊನ್ನೆ ಕಾರಿನಲ್ಲಿ ಹೋಗುವಾಗ ಇದ್ದಕ್ಕಿದ್ದಂತೆ "ಅಮ್ಮ, ಅಜ್ಜಿ ಅವತ್ತು ನಂಗೆ ನಿಜ ಹೇಳಿದ್ರಾ?" ಅಂತ ಕೇಳಿದಳು. ಒಂದು ವರ್ಷ ಆದರೂ ಅವಳು ಮರೆತಿಲ್ಲ. ಏನು ಹೇಳಬೇಕು ಅಂತ ನನಗೆ ಇನ್ನೂ ತೋಚಿಲ್ಲ.

ಸಂಪಾದಕರೇ, ಆ ಲೇಖನದ ಮುಂದುವರಿದ ಭಾಗ ಬರುತ್ತದೆ ಅಂತ ಕೆಳಗೆ ಹಾಕಿದ್ದೀರಿ. ಅದರಲ್ಲಿ ಈ ವಿಷಯ ಸೇರಿಸಿ. ದುಭಾಷಿಯನ್ನು ಹೇಗೆ ಕೇಳಬೇಕು, ಕೊಡದಿದ್ದರೆ ಯಾರಿಗೆ ದೂರು ಬರೆಯಬೇಕು ಅನ್ನುವುದನ್ನು ಒಂದು ಪುಟದಷ್ಟು ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ನೀವು ಹೇಳಿದರೆ ನಾಳೆಯೇ ಕಳಿಸುತ್ತೇನೆ.

ಇಂತಿ,
ನಿಮ್ಮ ಓದುಗಳು
ನ್ಯೂಜೆರ್ಸಿ